ಹತ್ತಿ ಬಿಡಿಸುವವಳ ಉಡಿ ಎಲ್ಲಿ?

ದಾವಣಗೆರೆಯ ವಿದ್ಯಾನಗರದಿಂದ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗಳು ಚಿತ್ರಕಲೆ ಓದಿದವಳು. ಮೊನ್ನೆ ಗೆಳತಿಯರ ಜೊತೆ ಸೇರಿ ಊರಿನ ಒಂದು ಸಣ್ಣ ಗ್ಯಾಲರಿಯಲ್ಲಿ ಪ್ರದರ್ಶನ ಇಟ್ಟಿದ್ದಳು. ಬಂದವರ ಮಾತು ಕೇಳಿ ನನಗೆ ತುಂಬಾ ಬೇಜಾರಾಯಿತು. ಒಬ್ಬರು 'ನನ್ ಮೊಮ್ಮಗನೂ ಹಿಂಗೇ ಗೀಚ್ತಾನೆ' ಎಂದರು. ಇನ್ನೊಬ್ಬರು ನೋಡುವ ಮೊದಲೇ ರೇಟು ಕೇಳಿದರು. ಹಳ್ಳಿಯಿಂದ ಬಂದಿದ್ದ ಹೆಂಗಸೊಬ್ಬರು ಮಗಳ ದೊಡ್ಡ ಚಿತ್ರದ ಮುಂದೆ ನಿಂತು, 'ಹತ್ತಿ ಬಿಡಿಸ್ತಾಳೆ ಅಂತೀರಿ, ಉಡೀನೇ ಕಟ್ಟಿಲ್ವಲ್ಲ, ಹತ್ತಿ ಎಲ್ಲಿ ಹಾಕ್ತಾಳೆ?' ಎಂದು ಜೋರಾಗಿ ನಕ್ಕರು. ಮಗಳ ಮುಖ ಸಪ್ಪಗಾಯಿತು. ಕಲೆ ಗೊತ್ತಿಲ್ಲದವರಿಗೆ ಇದೆಲ್ಲ ಯಾಕೆ? ಟಿಕೆಟ್ ಇಟ್ಟರೆ ಆಸಕ್ತಿ ಇರುವವರು ಮಾತ್ರ ಬರುತ್ತಾರೆ. ನೀವೇನಂತೀರಿ?"

ಸಂಪಾದಕರ ಉತ್ತರ:

ಟಿಕೆಟ್ ಬೇಡ. ಅದಕ್ಕೆ ಮುಖ್ಯ ಕಾರಣ ಆ ಹಳ್ಳಿಯ ಹೆಂಗಸೇ.

ಅವರ ಮಾತನ್ನು ಇನ್ನೊಮ್ಮೆ ಓದಿ ನೋಡಿ. ಹತ್ತಿ ಬಿಡಿಸುವವರು ಸೊಂಟಕ್ಕೆ ಉಡಿ ಕಟ್ಟಿಕೊಳ್ಳುತ್ತಾರೆ. ಎರಡೂ ಕೈಯಲ್ಲಿ ಬಿಡಿಸುತ್ತಾ ಹೋಗಿ ಅದರಲ್ಲೇ ತುಂಬುತ್ತಾರೆ. ಉಡಿ ತುಂಬಿದಷ್ಟೂ ಭಾರ, ನಿಲ್ಲುವ ರೀತಿಯೇ ಬದಲಾಗುತ್ತದೆ. ಆ ಕೆಲಸ ಮಾಡಿದ ಕಣ್ಣು ಮೊದಲು ಸೊಂಟವನ್ನೇ ನೋಡುತ್ತದೆ. ನಿಮ್ಮ ಮಗಳ ಚಿತ್ರವನ್ನು ಆವತ್ತು ಅವರಷ್ಟು ಗಮನ ಕೊಟ್ಟು ಬೇರೆ ಯಾರೂ ನೋಡಿರಲಿಕ್ಕಿಲ್ಲ. ನಮ್ಮೂರು ಹತ್ತಿ ಗಿರಣಿಗಳ ಊರಾಗಿತ್ತು. ಈಗ ಸುತ್ತಮುತ್ತ ಹೊಲಗಳಲ್ಲಿ ಮೆಕ್ಕೆಜೋಳವೇ ಜಾಸ್ತಿ. ಇವತ್ತಿನ ಹುಡುಗಿಗೆ ಹತ್ತಿ ಹೊಲ ಹತ್ತಿರದಿಂದ ಗೊತ್ತಿಲ್ಲದಿದ್ದರೆ ಅದು ಅವಳ ತಪ್ಪಲ್ಲ. ಆದರೆ ಗೊತ್ತಿರುವವರು ತಾವಾಗಿಯೇ ಬಂದು, ಚಿತ್ರದ ಮುಂದೆ ನಿಂತು, ಬಾಯಿಬಿಟ್ಟು ಹೇಳಿದರಲ್ಲ. ಅದನ್ನು ಅವಮಾನ ಅಂತ ತಗೊಳ್ಳಬೇಡಿ.

ನಾವು ಯಾವ ಪ್ರಶ್ನೆ ಇಟ್ಟುಕೊಂಡು ನೋಡುತ್ತೇವೋ ಕಣ್ಣು ಅಲ್ಲಿಗೇ ಹೋಗುತ್ತದೆ. ರಷ್ಯಾದ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಇಲ್ಯಾ ರೇಪಿನ್ ಬರೆದ ಒಂದು ಚಿತ್ರವಿದೆ. ಗಡೀಪಾರಾಗಿದ್ದವನೊಬ್ಬ ಹೇಳದೆ ಕೇಳದೆ ಮನೆಗೆ ವಾಪಸ್ ಬಂದು ಬಾಗಿಲ ಹತ್ತಿರ ನಿಂತಿದ್ದಾನೆ. ಯಾರ್ಬಸ್ ಅದೇ ಚಿತ್ರವನ್ನು ಬೇರೆಬೇರೆ ಪ್ರಶ್ನೆ ಕೇಳಿ ತೋರಿಸುತ್ತಾ ಕಣ್ಣಿನ ಓಡಾಟವನ್ನು ದಾಖಲಿಸಿದರು. ಇವರ ವಯಸ್ಸೆಷ್ಟು ಎಂದಾಗ ಕಣ್ಣು ಮುಖಗಳ ಮೇಲೆ ಸುತ್ತಿತು. ಮನೆಯವರು ಸ್ಥಿತಿವಂತರಾ ಎಂದಾಗ ಬಟ್ಟೆ, ಮೇಜು, ಕುರ್ಚಿಗಳ ಮೇಲೆ ಹೋಯಿತು. ಚಿತ್ರ ಒಂದೇ, ನೋಡಿದ್ದು ಬೇರೆಬೇರೆ. ಆ ಹೆಂಗಸು ತನ್ನ ಪ್ರಶ್ನೆಯನ್ನು ಹೊಲದಿಂದಲೇ ತಂದಿದ್ದರು. ನಿಮ್ಮ ಮಗಳ ಅಧ್ಯಾಪಕರು ಬಂದಿದ್ದರೆ ಬಣ್ಣದ ಹೊಂದಾಣಿಕೆ ನೋಡುತ್ತಿದ್ದರು. ಅದೂ ಬೇಕು, ಇದೂ ಬೇಕು.

ನಕ್ಕಿದ್ದು ನಿಮಗೆ ಚುಚ್ಚಿದೆ, ಅರ್ಥವಾಗುತ್ತದೆ. ಆದರೆ ನನಗೆ ನಿಜವಾಗಿ ಬೇಜಾರಾಗುವುದು ಇನ್ನೊಂದು ಥರದವರನ್ನು ಕಂಡಾಗ. ಸುಮ್ನೆ ಒಂದು ಸುತ್ತು ಹಾಕಿ, ಪುಸ್ತಕದಲ್ಲಿ 'ತುಂಬಾ ಚೆನ್ನಾಗಿದೆ, ಶುಭವಾಗಲಿ' ಎಂದು ಬರೆದು ಹೋಗುತ್ತಾರಲ್ಲ, ಅವರು. ಅವರಿಗೆ ಚಿತ್ರದಿಂದ ಏನೂ ಆಗಿಲ್ಲ. ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಹೆಸರಾಂತ ಚಿತ್ರಗಳ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಲೆಕ್ಕ ಹಾಕಿದ್ದರು. 2001ರಲ್ಲಿ ಅದು ಪ್ರಕಟವಾಯಿತು. ಸರಾಸರಿ 27 ಸೆಕೆಂಡು! ಅರ್ಧದಷ್ಟು ಸಲ 17 ಸೆಕೆಂಡೂ ದಾಟಿರಲಿಲ್ಲ. ಟಿಕೆಟ್ ತಗೊಂಡು ಬಂದವರೂ ಹೀಗೇ ನೋಡುತ್ತಾರೆ ಅಂದಮೇಲೆ ಟಿಕೆಟ್‌ನಿಂದ ಆಸಕ್ತಿ ಅಳೆಯೋದು ಹೇಗೆ?

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವಿದೆಯಲ್ಲ, ನೀವೂ ನೋಡಿರಬಹುದು. ಎಸ್.ಎಲ್. ಹಲ್ದಣ್‌ಕರ್ ಬರೆದದ್ದು. ರೂಪದರ್ಶಿಯಾಗಿ ನಿಂತವರು ಅವರ ಮಗಳೇ. ಎಷ್ಟೋ ಜನ ಅದನ್ನು ರವಿವರ್ಮನ ಚಿತ್ರ ಎಂದುಕೊಂಡೇ ನೋಡುತ್ತಾರೆ. ಹಿಂದೆ ಬಲ್ಬ್ ಇಟ್ಟಿದ್ದಾರಾ ಅಂತಲೂ ಅನುಮಾನ ಪಡುತ್ತಾರೆ. ತಿಳಿದವರು ಇದಕ್ಕೆ ನಗಬಹುದು. ನಾನು ನಗುವುದಿಲ್ಲ. ಬಲ್ಬ್ ಇಲ್ಲ, ಬರೀ ಜಲವರ್ಣ, ಕಾಗದದ ಬಿಳುಪನ್ನೇ ಬೆಳಕು ಮಾಡಿದ್ದಾರೆ ಎಂದು ಗೊತ್ತಾದಾಗ ಅದೇ ಮನುಷ್ಯ ಮತ್ತೆ ಹತ್ತಿರ ಹೋಗಿ ನೋಡುತ್ತಾನೆ. ಅನುಮಾನ ಬಂದದ್ದರಿಂದಲೇ ಎರಡನೇ ಸಲ ನೋಡಿದ್ದು, ಅಲ್ವಾ?

ರೇಟು ಕೇಳಿದವರ ಮೇಲೂ ಸಿಟ್ಟು ಬೇಡ. ದಾವಣಗೆರೆ ವ್ಯಾಪಾರದ ಊರು, ಇಲ್ಲಿ ಮಾತು ಶುರುವಾಗೋದೇ ಹಾಗೆ. 1878ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ವಕೀಲರು ಕಲಾವಿದ ವಿಸ್ಲರ್‌ಗೂ ಇಂಥದ್ದೇ ಪ್ರಶ್ನೆ ಹಾಕಿದ್ದರು: ಎರಡು ದಿನದ ಕೆಲಸಕ್ಕೆ 200 ಗಿನಿ (ಆಗಿನ ಬ್ರಿಟಿಷ್ ಹಣದ ಲೆಕ್ಕ) ಕೇಳುತ್ತೀರಾ? ಅವರು ಕೊಟ್ಟ ಉತ್ತರ, ಅಲ್ಲ, ಜೀವಮಾನವಿಡೀ ಗಳಿಸಿದ ತಿಳಿವಳಿಕೆಗೆ ಕೇಳುತ್ತಿದ್ದೇನೆ ಎಂದು. ನಿಮ್ಮ ಮಗಳೂ ಕ್ಯಾನ್ವಾಸಿಗೆ ಇಷ್ಟು, ಬಣ್ಣಕ್ಕೆ ಇಷ್ಟು, ಇಷ್ಟು ದಿನ ಹಿಡಿಯಿತು, ಕಲಿಯಲು ಇಷ್ಟು ವರ್ಷ ಎಂದು ಬಿಡಿಸಿ ಹೇಳಲಿ. ಕೇಳಿದವರು ಕೊಳ್ಳದಿದ್ದರೂ ಲೆಕ್ಕ ತಿಳಿದುಕೊಂಡು ಹೋಗುತ್ತಾರೆ. ಮೊಮ್ಮಗನ ಗೀಚು ಎಂದ ಹಿರಿಯರಿಗೆ, ಮುಂದಿನ ಸಲ ಮೊಮ್ಮಗನನ್ನೂ ಕರಕೊಂಡು ಬನ್ನಿ ಅಜ್ಜಾರೆ, ಅಂದರೆ ಸಾಕು.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು: ಚಿತ್ರ ಮುಟ್ಟಲು ಬಿಡಬೇಡಿ. ಬೆರಳಿನ ಜಿಡ್ಡು, ಬೆವರು ಬಣ್ಣ ಕೆಡಿಸುತ್ತವೆ. ಮುಂದೆ ಒಂದು ಹಗ್ಗ ಕಟ್ಟಿ.

ನಮ್ಮ ಜನಕ್ಕೆ ಚಿತ್ರ ನೋಡೋದು ಹೊಸದೇನಲ್ಲ. ಹಿರಿಯೂರಿನ ತೇರುಮಲ್ಲೇಶ್ವರ ಗುಡಿಗೆ ಹೋಗಿ ತಲೆ ಎತ್ತಿ. ಛಾವಣಿಯ ತುಂಬಾ ರಾಮಾಯಣ, ಮಹಾಭಾರತ. ಅಲ್ಲಿ ಯಾರೂ ನಿಮಗೆ ಕಲೆ ಗೊತ್ತಾ ಎಂದು ಕೇಳಿ ಒಳಗೆ ಬಿಡುವುದಿಲ್ಲ. ಗೊತ್ತಿದ್ದವರು ಇವನು ಇಂಥವನು ಎಂದು ಕೈ ತೋರಿಸುತ್ತಾರೆ, ಮಕ್ಕಳು ಕೇಳುತ್ತವೆ. ಅದೇ ಜನ ಗ್ಯಾಲರಿಗೆ ಬಂದಾಗ ಗೋಡೆ ಮೇಲೆ ಇಂಗ್ಲಿಷಿನಲ್ಲಿ ಒಂದು ಹೆಸರು, ಅಳತೆ ಬಿಟ್ಟರೆ ಏನೂ ಇರುವುದಿಲ್ಲ. ಪಕ್ಕದಲ್ಲಿ ಮಾತಾಡಲು ಯಾರೂ ಇರುವುದಿಲ್ಲ. ತಪ್ಪು ನೋಡಲು ಬಂದವರದಾ? 1964ರಿಂದ ಚಿತ್ರಕಲಾ ಕಾಲೇಜು ಇರುವ ಊರು ಇದು. ಇಷ್ಟು ವರ್ಷ ಚಿತ್ರ ಬರೆಯುವವರನ್ನು ತಯಾರು ಮಾಡಿದ್ದೇವೆ, ನೋಡುವವರ ಜೊತೆ ಮಾತಾಡುವುದು ಮಾತ್ರ ಕಡಿಮೆಯೇ.

ಮುಂದಿನ ಪ್ರದರ್ಶನಕ್ಕೆ ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯಿರಿ, ಕೂರಲು ಬೆಂಚು ಹಾಕಿಸಿ. ಭಾನುವಾರ ರಾತ್ರಿ ಎಂಟರವರೆಗೂ ಬಾಗಿಲು ತೆಗೆದಿರಲಿ, ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಬಿಡುವು ಸಿಗೋದು ಆಗಲೇ. ಚಿತ್ರದಲ್ಲಿ ಉಡಿ ಬರಬೇಕೋ ಬೇಡವೋ ಎನ್ನುವುದು ನಿಮ್ಮ ಮಗಳಿಗೇ ಬಿಟ್ಟದ್ದು, ಬೇಡವೆಂದರೂ ಕಲಾವಿದೆಗೆ ಆ ಹಕ್ಕಿದೆ. ತೀರ್ಮಾನ ಮಾಡುವ ಮೊದಲು ಹತ್ತಿ ಸೀಸನ್ನಿನಲ್ಲಿ ಒಂದು ದಿನ ಯಾರದಾದರೂ ಹೊಲಕ್ಕೆ ಹೋಗಿ ಸ್ಕೆಚ್ ಮಾಡಿಕೊಂಡು ಬರಲಿ. ಆ ಸ್ಕೆಚ್‌ಗಳನ್ನು ನಮಗೂ ಕಳಿಸಿ. ಒಂದು ಪುಟ ಕೊಡುತ್ತೇವೆ.