ಓದುಗರ ಪ್ರಶ್ನೆ, ನಮ್ಮ ಉತ್ತರ: ಲಂಕಾ ಸಣ್ಣದು, ದಾರಿ ಸಣ್ಣದಲ್ಲ

ಪ್ರಶ್ನೆ: ಸರ್, ಬೇಸಿಗೆ ರಜೆಯಲ್ಲಿ ಏಳು ದಿನ ಶ್ರೀಲಂಕಾಕ್ಕೆ ಹೋಗುವ ವಿಚಾರವಿದೆ. ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ ಮೊಣಕಾಲು ನೋವಿರುವ ಅತ್ತೆ. ದ್ವೀಪದ ಉದ್ದ ಬರೀ 430 ಕಿ.ಮೀ. ಅಂತೆ. ನಮ್ಮೂರಿಂದ ಬೆಂಗಳೂರೇ ಅದಕ್ಕಿಂತ ದೂರ. ಕಾರು ಬಾಡಿಗೆಗೆ ಹಿಡಿದು, ಯಜಮಾನರೇ ಓಡಿಸಿ, ಇಡೀ ದ್ವೀಪ ಒಂದು ಸುತ್ತು ಹಾಕಬಹುದಲ್ವಾ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಅಕ್ಕಾರೇ, ನಿಮ್ಮ ಲೆಕ್ಕ ತಪ್ಪಿಲ್ಲ. ಆದರೆ ಅಲ್ಲಿ ಕಿಲೋಮೀಟರ್ ಎಣಿಸಬಾರದು, ತಾಸು ಎಣಿಸಬೇಕು. ಕೊಲಂಬೊದಿಂದ ಗಾಲೆಗೆ ಹೋಗುವ ಎಕ್ಸ್‌ಪ್ರೆಸ್‌ವೇ ಥರದ ರಸ್ತೆಗಳು ಕೆಲವೇ. ಉಳಿದದ್ದೆಲ್ಲ ಊರೊಳಗಿನ ದಾರಿ. ಕ್ಯಾಂಡಿಯಿಂದ ನುವಾರ ಎಲಿಯ ಸುಮಾರು 75 ಕಿ.ಮೀ. ಚಹಾ ತೋಟಗಳ ನಡುವೆ ತಿರುವಿನ ಮೇಲೆ ತಿರುವು. ಎರಡೂವರೆ ಮೂರು ತಾಸು ಹಿಡಿಯುತ್ತದೆ, ಮಕ್ಕಳಿಗೆ ವಾಂತಿ ಬಂದರೆ ಇನ್ನೂ ಜಾಸ್ತಿ. ಏಳು ದಿನದಲ್ಲಿ ಪೂರ್ತಿ ಸುತ್ತು ಹಾಕಿದರೆ ನೀವು ನೋಡುವುದು ಕಾರಿನ ಕಿಟಕಿ ಮಾತ್ರ. ಅರ್ಧ ದ್ವೀಪ ಬಿಟ್ಟುಬಿಡಿ.

ಯಾವ ಅರ್ಧ? ಅದನ್ನು ಮಳೆ ಹೇಳುತ್ತದೆ. ಮೇ ತಿಂಗಳಲ್ಲಿ ನೈರುತ್ಯ ಮುಂಗಾರು ಶುರುವಾದರೆ ಗಾಲೆ ಕಡೆಯ ಸಮುದ್ರ ಒರಟಾಗುತ್ತದೆ. ಅದೇ ಹೊತ್ತಿಗೆ ಪೂರ್ವದ ತ್ರಿಂಕೋಮಲಿ ಕಡೆ ನೀರು ಶಾಂತ. ಹಾಗಾಗಿ ನಾನಾದರೆ ಗಾಲೆ ಕೋಟೆ ಬಿಡುತ್ತೇನೆ. ಡಚ್ಚರ ಕಾಲದ ಚೆಂದದ ಕೋಟೆ, ಬಿಡಲು ಮನಸ್ಸಾಗಲ್ಲ, ಆದರೂ ಬಿಡುತ್ತೇನೆ. ವಿಮಾನ ನಿಲ್ದಾಣ ಇರುವುದು ಕಟುನಾಯಕೆಯಲ್ಲಿ, ಕೊಲಂಬೊದ ಉತ್ತರಕ್ಕೆ. ಕೊಲಂಬೊ ಪೇಟೆಗೆ ಹೋಗದೆ ಸೀದಾ ಸಿಗಿರಿಯ ಕಡೆ ಹೊರಡಿ, ನಾಲ್ಕು ತಾಸಿನ ದಾರಿ. ಅಲ್ಲಿಂದ ಹಳೆಯ ರಾಜಧಾನಿ ಪೊಲೊನ್ನರುವ, ತ್ರಿಂಕೋಮಲಿ, ವಾಪಸು ಬರುವಾಗ ಕ್ಯಾಂಡಿ. ದಿನ ಉಳಿದರೆ ನುವಾರ ಎಲಿಯ. ಸಾಕು. ಏಪ್ರಿಲ್ 13, 14ರ ಆಸುಪಾಸು ಮಾತ್ರ ಬೇಡ. ಸಿಂಹಳ ಮತ್ತು ತಮಿಳರ ಹೊಸ ವರ್ಷ ಅದು. ಅಂಗಡಿ ಮುಚ್ಚಿರುತ್ತವೆ, ಡ್ರೈವರ್‌ಗಳು ಊರಿಗೆ ಹೋಗಿರುತ್ತಾರೆ.

ಅತ್ತೆಯವರ ವಿಷಯ. ಸಿಗಿರಿಯ ಅಂದರೆ 5ನೇ ಶತಮಾನದಲ್ಲಿ, ಅಪ್ಪನನ್ನು ಕೊಂದು ಪಟ್ಟಕ್ಕೇರಿದ ಕಶ್ಯಪ ರಾಜ ಬಂಡೆಯ ನೆತ್ತಿಯ ಮೇಲೆ ಕಟ್ಟಿಸಿದ ಅರಮನೆ. ಸಾವಿರಕ್ಕೂ ಮೇಲೆ ಮೆಟ್ಟಿಲು. ಅವರು ಹತ್ತುವುದು ಬೇಡ. ಕೆಳಗಿನ ತೋಟ, ನೀರಿನ ಕೊಳಗಳು ಸಮತಟ್ಟಾಗಿವೆ. ಅವರು ಅಲ್ಲಿ ಕೂತಿರಲಿ, ನೀವು ಬೆಳಗಾಗುತ್ತಲೇ ಹತ್ತಿ ಇಳಿಯಿರಿ. ಗದ್ದಲ ಮಾಡಬೇಡಿ ಅಂತ ಬೋರ್ಡ್ ಇರುತ್ತದೆ, ಮಕ್ಕಳಿಗೆ ತೋರಿಸಿ. ಬಂಡೆಯಲ್ಲಿ ದೊಡ್ಡ ದೊಡ್ಡ ಹೆಜ್ಜೇನು ಗೂಡುಗಳಿವೆ. ಪಾಸ್‌ಪೋರ್ಟ್ ಕೈಯಲ್ಲಿರಲಿ. ಭಾರತವೂ ಸೇರಿದ ಸಾರ್ಕ್ ಕೂಟದ ದೇಶದವರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇದೆ.

ಅತ್ತೆಯವರಿಗೆ ಹೇಳಿ ಮಾಡಿಸಿದ್ದು ಪೊಲೊನ್ನರುವ. ನೆಲ ಸಪಾಟು, ಒಂದೊಂದು ಜಾಗಕ್ಕೂ ಕಾರು ಹತ್ತಿರಕ್ಕೇ ಹೋಗುತ್ತದೆ. ಅಲ್ಲಿ ಗಲ್ ವಿಹಾರ ಅಂತ ಇದೆ. ಒಂದೇ ಬಂಡೆಯಲ್ಲಿ ಸಾಲಾಗಿ ಬುದ್ಧನ ಮೂರ್ತಿಗಳು, 12ನೇ ಶತಮಾನದ ಪರಾಕ್ರಮಬಾಹು ಕೆತ್ತಿಸಿದ್ದು. ಮಲಗಿದ ಮೂರ್ತಿಯೇ ಸುಮಾರು 14 ಮೀಟರ್. ದೂರದಿಂದ ಫೋಟೋ ಹೊಡೆದು ಹೊರಡಬೇಡಿ, ತಲೆದಿಂಬಿನ ಹತ್ತಿರ ನಿಲ್ಲಿ. ತಲೆ ಇಟ್ಟ ಕಡೆ ಕಲ್ಲಿನ ದಿಂಬು ಸ್ವಲ್ಪ ಒಳಗೆ ತಗ್ಗಿದೆ! ಆಮೇಲೆ ಪಾದದ ಕಡೆ ಬನ್ನಿ. ಎರಡೂ ಪಾದ ಸಮ ಇಲ್ಲ, ಎಡಗಾಲು ತುಸು ಹಿಂದಕ್ಕೆ ಸರಿದಿದೆ. ಬುದ್ಧ ನಿದ್ದೆ ಹೋಗಿಲ್ಲ, ಪರಿನಿರ್ವಾಣ ಹೊಂದಿದ್ದಾನೆ ಅಂತ ತೋರಿಸುವ ರೀತಿ ಅದು. ಬಂಡೆಯ ಗೆರೆಗಳು ಮುಖದ ಮೇಲೂ ಅಲೆ ಅಲೆಯಾಗಿ ಹಾದುಹೋಗಿವೆ. ನಾನಂತೂ ಅಲ್ಲೇ ಜಾಸ್ತಿ ಹೊತ್ತು ಕೂತಿದ್ದೆ.

ಇನ್ನು ಯಜಮಾನರು ಓಡಿಸುವುದು. ನಮ್ಮ ಹಾಗೆ ಅಲ್ಲಿಯೂ ಎಡಗಡೆ ಸಂಚಾರ, ಅದೇನೋ ಸರಿ. ಆದರೆ ನಮ್ಮ ಲೈಸೆನ್ಸ್ ಒಂದೇ ಸಾಲದು, ಅಲ್ಲಿಯ ಅನುಮತಿ ಪತ್ರವೂ ಬೇಕು. ಮೇಲಾಗಿ ಸಿಗಿರಿಯ ಹತ್ತಿರದ ಹಬರಣ ಸುತ್ತಮುತ್ತ ಸಂಜೆಯಾದರೆ ಕಾಡಾನೆ ರಸ್ತೆಗೆ ಬರುತ್ತವೆ. ಡ್ರೈವರ್ ಸಮೇತ ಕಾರು ಹಿಡಿಯಿರಿ, ಯಜಮಾನರೂ ಊರು ನೋಡಲಿ. ಪೆಟ್ರೋಲ್, ಡ್ರೈವರ್ ಊಟ, ವಸತಿ ಎಲ್ಲ ಸೇರಿ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. ಮಸಾಲೆ ತೋಟ, ರತ್ನದ ಅಂಗಡಿಗೆ ಕರೆದೊಯ್ಯಬೇಡಪ್ಪಾ ಅಂತಲೂ ಮೊದಲ ದಿನವೇ ಹೇಳಿಬಿಡಿ. ಅಲ್ಲಿ ಕಮಿಷನ್ ಇರುತ್ತದೆ.

ಪ್ರಶ್ನೆ: ನಾವು ಪಕ್ಕಾ ಶಾಕಾಹಾರಿಗಳು. ಅಲ್ಲಿ ಊಟಕ್ಕೆ ಪರದಾಡಬೇಕಾ? ರೊಟ್ಟಿ ಕಟ್ಟಿಕೊಂಡು ಹೋಗಲಾ?
— ಓದುಗರೊಬ್ಬರು, ಹುಮನಾಬಾದ್

ಉತ್ತರ: ಪರದಾಟವೇನಿಲ್ಲ, ಎಚ್ಚರ ಬೇಕು. ಅನ್ನ, ತೆಂಗಿನ ಹಾಲು ಹಾಕಿದ ಬೇಳೆ ಸಾರು, ಎರಡು ಮೂರು ಥರ ಪಲ್ಯ ಎಲ್ಲ ಕಡೆ ಸಿಗುತ್ತದೆ. ಬೇಳೆಗೆ ಅವರು ಪರಿಪ್ಪು ಅನ್ನುತ್ತಾರೆ. ಬೆಳಗ್ಗೆ ಅಪ್ಪ, ಶ್ಯಾವಿಗೆಯಂಥ ಇಂದಿಯಪ್ಪ. ಮೋಸ ಹೋಗುವುದು ಪೋಲ್ ಸಂಬೋಲ್‌ನಲ್ಲಿ. ನೋಡಲು ನಮ್ಮ ಕೆಂಪು ಕೊಬ್ಬರಿ ಚಟ್ನಿಯೇ. ಆದರೆ ಅದರಲ್ಲಿ ಒಣಗಿಸಿದ ಮಾಲ್ದೀವ್ ಮೀನಿನ ಚೂರು ಬೆರೆಸುವುದು ರೂಢಿ. ಪಲ್ಯಕ್ಕೂ ಹಾಕುವುದುಂಟು. 'ವೆಜ್' ಅಂತ ಕೇಳಿದರೆ ಹೂಂ ಅಂದುಬಿಡುತ್ತಾರೆ, ಅವರ ಲೆಕ್ಕದಲ್ಲಿ ಅದು ಬರೀ ರುಚಿಗೆ! 'ಮೀನಿನ ಪುಡಿ ಹಾಕಿದ್ದೀರಾ' ಅಂತಲೇ ಬಿಡಿಸಿ ಕೇಳಿ. ರೊಟ್ಟಿ ಚೂರು ಮಾಡಿ ಹುರಿಯುವ ಕೊತ್ತು ರೊಟ್ಟಿಯ ತವೆಯೂ ಮಾಂಸ, ತರಕಾರಿ ಎಲ್ಲದಕ್ಕೂ ಒಂದೇ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಕ್ಯಾಂಡಿ, ತ್ರಿಂಕೋಮಲಿಯಲ್ಲಿ ತಮಿಳರ ಸೈವ, ಅಂದರೆ ಶಾಕಾಹಾರಿ, ಹೋಟೆಲ್ ಹುಡುಕಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ, ಯಾಕೆ ಬೇಡ? ಮೊಸರು ಅಲ್ಲಿಯದೇ ತಿನ್ನಿ. ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಎಮ್ಮೆ ಮೊಸರು, ಮೇಲೆ ತಾಳೆ ಬೆಲ್ಲದ ಪಾಕ. ರೊಟ್ಟಿ ಮರೆತೇ ಹೋಗುತ್ತದೆ.

ಪ್ರಶ್ನೆ: ಶ್ರೀಲಂಕಾದ 'ಎಲ್ಲ' ಅನ್ನುವ ಊರಿನ ಒಂಬತ್ತು ಕಮಾನಿನ ರೈಲು ಸೇತುವೆ, ಇಲ್ಲವೇ ಅನುರಾಧಪುರ. ಒಂದಕ್ಕೇ ಸಮಯ ಇದೆ. ಗೆಳೆಯರೆಲ್ಲ ಸೇತುವೆ ಅನ್ನುತ್ತಿದ್ದಾರೆ.
— ವಿದ್ಯಾರ್ಥಿಯೊಬ್ಬ, ಶಹಾಪುರ

ಉತ್ತರ: ತಮ್ಮಾ, ಸೇತುವೆ ಚೆಂದವೇ, 1921ರದ್ದು, ಉಕ್ಕಿಲ್ಲದೆ ಕಲ್ಲು, ಇಟ್ಟಿಗೆ, ಸಿಮೆಂಟಿನಲ್ಲಿ ಕಟ್ಟಿದ್ದು. ಆದರೆ ನೀನು ಭೀಮಾ ತೀರದವನು. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ 'ರಾಯ ಅಸೋಕೊ' ಅಂತ ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿದೆ, ನೋಡಿದ್ದೀಯಾ? ನೋಡಿಲ್ಲದಿದ್ದರೆ ಹೊರಡುವ ಮುಂಚೆ ಒಂದು ಭಾನುವಾರ ಬೈಕಲ್ಲಿ ಹೋಗಿ ಬಾ. ಅದೇ ಅಶೋಕನ ಮಗಳು ಸಂಘಮಿತ್ರೆ ಕ್ರಿ.ಪೂ. 3ನೇ ಶತಮಾನದಲ್ಲಿ ತಂದ ಬೋಧಿಯ ಟೊಂಗೆ ಅನುರಾಧಪುರದಲ್ಲಿ ಮರವಾಗಿ ನಿಂತಿದೆ ಅಂತ ಅಲ್ಲಿಯ ಜನ ಪೂಜಿಸುತ್ತಾರೆ. ಟೊಂಗೆಗಳಿಗೆ ಚಿನ್ನದ ಬಣ್ಣದ ಊರುಗೋಲು ಕೊಟ್ಟಿದ್ದಾರೆ. ಬಿಳಿ ಬಟ್ಟೆಯ ಅಜ್ಜಿಯರು ಹೂ ಹಿಡಿದು ಸಾಲು ನಿಂತಿರುತ್ತಾರೆ. ನನ್ನ ಓಟು ಅನುರಾಧಪುರಕ್ಕೆ.

ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕು. ಬುದ್ಧನಿಗೆ ಬೆನ್ನು ಮಾಡಿ ಸೆಲ್ಫಿ ಬೇಡ, ಅಲ್ಲಿ ಅದು ದೊಡ್ಡ ಅಪಚಾರ. ಸ್ತೂಪದ ಸುತ್ತ ಚಪ್ಪಲಿ ಬಿಡಲೇಬೇಕು, ಮಧ್ಯಾಹ್ನ ಹಾಸುಗಲ್ಲು ಕಾದಿರುತ್ತದೆ. ದಪ್ಪನೆಯ ಒಂದು ಜೊತೆ ಸಾಕ್ಸ್ ಬ್ಯಾಗಿನಲ್ಲಿ ಇಟ್ಟುಕೋ.