ಹಳೆ ಕಾಂಟೆಸ್ಸಾಗೆ ಹೊಸ ರೇಡಿಯೇಟರ್: ತಾಮ್ರದ್ದೋ, ಅಲ್ಯೂಮಿನಿಯಂದೋ?

ಕಾಂಟೆಸ್ಸಾ 1.8 ಪೆಟ್ರೋಲ್, ರೇಡಿಯೇಟರ್ ಸೋರುತ್ತಿದೆ, ಬೇಸಿಗೆಯಲ್ಲಿ ಬಿಸಿಯಾಗುತ್ತದೆ, ನಾಲ್ಕು ಸಾಲಿನ (ನೀರಿನ ಕೊಳವೆಗಳು ಒಂದರ ಹಿಂದೊಂದು ನಾಲ್ಕು ಸಾಲು ಇರುವ) ಅಲ್ಯೂಮಿನಿಯಂ ಹಾಕಿಸಲೋ ಮೂರು ಸಾಲಿನ ತಾಮ್ರದ್ದೋ ಅಂತ ಕೇಳಿದ್ದೀರಿ. ಅದಕ್ಕೂ ಮೊದಲು ನಾನೊಂದು ಕೇಳುತ್ತೇನೆ. ನಿಮ್ಮ ಹಳೆ ರೇಡಿಯೇಟರ್ ಈಗ ಎಲ್ಲಿದೆ? ಗ್ಯಾರೇಜಿನಲ್ಲಿ ಬಿಚ್ಚಿ ಇಟ್ಟಿದ್ದರೆ ಇವತ್ತೇ ಹೋಗಿ ಮನೆಗೆ ತನ್ನಿ. ಎಷ್ಟೇ ಸೋರಲಿ, ಗುಜರಿಗೆ ಹಾಕಬೇಡಿ.

ನನ್ನದೂ ಅದೇ ಗಾಡಿ. ನಮ್ಮ ಸೋದರಮಾವ ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದಾಗ ಕೊಂಡಿದ್ದು. ಇಸುಜು ಎಂಜಿನ್, 1817 ಸಿಸಿ, ಹಿಂದಿನ ಚಕ್ರಕ್ಕೆ ಎಳೆತ, ಉದ್ದನೆಯ ಬಾನೆಟ್. ಪಿ.ಬಿ. ರೋಡಿನಲ್ಲಿ ಅದು ಹೋದರೆ ನಾವು ಹುಡುಗರು ತಿರುಗಿ ನಿಂತು ನೋಡುತ್ತಿದ್ದೆವು. ನಮ್ಮ ಪಾಲಿಗೆ ಸ್ಪೋರ್ಟ್ಸ್ ಕಾರ್ ಅಂದರೆ ಅದೇ. ಮಾವನಿಗೆ ಕಣ್ಣು ಮಂಜಾದ ಮೇಲೆ ಗಾಡಿ ನನ್ನ ಕೈಗೆ ಬಂತು. ಬರುವಾಗಲೇ ರೇಡಿಯೇಟರಿನ ಮೂಲೆಯಲ್ಲಿ ಹಸಿರು ಕಲೆ ಇತ್ತು. ಬೆಳಗ್ಗೆ ನೆಲದ ಮೇಲೆ ಹನಿ ಬಿದ್ದಿರುತ್ತಿತ್ತು. ಚಿತ್ರದುರ್ಗದ ಕಡೆ ಹೈವೇಯಲ್ಲಿ ಸ್ವಲ್ಪ ಜೋರಾಗಿ ಹೋದರೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು.

ಗ್ಯಾರೇಜಿನವರು ಹೇಳಿದ್ದು ನಿಮಗೆ ಹೇಳಿದ್ದೇ. "ನಾಲ್ಕು ಸಾಲಿನ ಅಲ್ಯೂಮಿನಿಯಂ ಹಾಕಿಸಿ ಸಾರ್, ಮತ್ತೆ ಈ ಕಡೆ ತಲೆ ಹಾಕೋದೇ ಬೇಡ." ಹಿಂದೂಸ್ತಾನ್ ಮೋಟಾರ್ಸ್ ಈ ಗಾಡಿ ಮಾಡುವುದನ್ನು 2002ರಲ್ಲೇ ನಿಲ್ಲಿಸಿತ್ತು, ಕಂಪನಿಯ ಹೊಸ ಮಾಲು ಸಿಗುವ ಮಾತೇ ಇರಲಿಲ್ಲ. ಅಗಲ, ಎತ್ತರ ಅಳೆದು ಹೊರಗಿನಿಂದ ಒಂದು ತರಿಸಿದೆವು. ಹಳೆಯದನ್ನು ಗುಜರಿಯವರು ತೂಕಕ್ಕೆ ತೆಗೆದುಕೊಂಡು ಹೋದರು. ತಾಮ್ರ, ಹಿತ್ತಾಳೆ ಅಲ್ವಾ, ಒಳ್ಳೆ ದುಡ್ಡೇ ಬಂತು. ನಾನು ಮಾಡಿದ ತಪ್ಪು ಇದೊಂದೇ. ಮುಂದಿನ ಎಲ್ಲ ಖರ್ಚೂ ಇದರಿಂದಲೇ ಬಂದದ್ದು, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಹಳೆ ಕಾಲದ ರೇಡಿಯೇಟರಿನಲ್ಲಿ ಮೂರು ಭಾಗ. ನಡುವೆ ಕೋರ್, ಅಂದರೆ ನೀರು ಹರಿಯುವ ಚಪ್ಪಟೆ ಕೊಳವೆಗಳು ಮತ್ತು ಜಾಲರಿ. ಎರಡು ತುದಿಗೆ ಹಿತ್ತಾಳೆಯ ಟ್ಯಾಂಕ್‌ಗಳು. ಪಕ್ಕದಲ್ಲಿ ಕಬ್ಬಿಣದ ಪಟ್ಟಿಗಳು. ಸವೆಯುವುದು, ತೂತಾಗುವುದು, ಕಟ್ಟಿಕೊಳ್ಳುವುದು ಹೆಚ್ಚಾಗಿ ಕೋರ್. ಅದು ಬೇರೆ ಸಿಗುತ್ತದೆ, ಅಳತೆಗೆ ತಕ್ಕಂತೆ ತರಿಸಿ ಬೆಸುಗೆ ಹಾಕಬಹುದು. ಸಿಗದೇ ಇರುವುದು ಟ್ಯಾಂಕ್ ಮತ್ತು ಪಟ್ಟಿ. ಹೋಸ್ ಪೈಪ್ ಯಾವ ಕೋನದಲ್ಲಿ ಬಂದು ಕೂರಬೇಕು ಅನ್ನುವುದು ಟ್ಯಾಂಕಿನಲ್ಲಿದೆ. ಮುಚ್ಚಳ ಕೂರುವ ಕುತ್ತಿಗೆ ಎಷ್ಟು ಆಳ ಇರಬೇಕು ಅನ್ನುವುದೂ ಅಲ್ಲೇ. ಆ ಆಳ ಜಾಸ್ತಿಯಾದರೆ ಮುಚ್ಚಳದ ಸ್ಪ್ರಿಂಗ್ ಸರಿಯಾಗಿ ಒತ್ತುವುದಿಲ್ಲ, ಒಳಗೆ ಒತ್ತಡ ನಿಲ್ಲುವುದಿಲ್ಲ. ಒತ್ತಡ 1 ಪಿಎಸ್ಐ (ಟೈರಿನ ಗಾಳಿ ಅಳೆಯುವ ಅದೇ ಲೆಕ್ಕ) ಏರಿದರೆ ನೀರು ಕುದಿಯುವ ಮಟ್ಟ ಸುಮಾರು ಒಂದೂವರೆ ಡಿಗ್ರಿ ಮೇಲೆ ಹೋಗುತ್ತದೆ. ಒತ್ತಡವೇ ಇಲ್ಲದಿದ್ದರೆ ಬರೀ ನೀರು ನೂರು ಡಿಗ್ರಿಗೇ ಕುದಿಯುತ್ತದೆ. ಇನ್ನು ಪಕ್ಕದ ಪಟ್ಟಿಗಳು. ನನ್ನ ಗಾಡಿಯಲ್ಲಿ ಫ್ಯಾನ್ ಸುತ್ತ ಇರುವ ಕೌಲ್, ಅಂದರೆ ಗಾಳಿ ಆಚೀಚೆ ಹೋಗದಂತೆ ತಡೆಯುವ ಕವಚ, ಕೂರುತ್ತಿದ್ದದ್ದು ಆ ಪಟ್ಟಿಯ ತೂತುಗಳಿಗೆ.

ಹೊಸದರಲ್ಲಿ ಆ ತೂತುಗಳೇ ಇರಲಿಲ್ಲ. ಸಾಲದ್ದಕ್ಕೆ ನಾಲ್ಕು ಸಾಲಿನ ದಪ್ಪ, ಫ್ಯಾನಿಗೂ ರೇಡಿಯೇಟರಿಗೂ ನಡುವೆ ಬೆರಳು ತೂರಿಸಲೂ ಜಾಗ ಉಳಿಯಲಿಲ್ಲ. ಕೌಲ್ ತೆಗೆದು ಮೂಲೆಗೆ ಇಟ್ಟರು. "ಇಷ್ಟು ದೊಡ್ಡ ರೇಡಿಯೇಟರ್ ಇದೆ, ಅದ್ಯಾಕೆ" ಅಂದರು. ಹೈವೇಯಲ್ಲಿ ಗಾಡಿ ತಣ್ಣಗೆ ಓಡಿತು, ಮುಳ್ಳು ಅಲುಗಲಿಲ್ಲ. ನನಗೂ ಖುಷಿಯಾಯಿತು.

ಆಮೇಲೆ ಏಪ್ರಿಲ್ ಬಂತು. ದಾವಣಗೆರೆಯವರಿಗೆ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಬಗ್ಗೆ ಹೇಳಬೇಕಾಗಿಲ್ಲ. ಆಗ ಅಲ್ಲಿ ಗೇಟ್ ಬಿದ್ದರೆ ಹಿಂದೆ ಮುಂದೆ ಜಾಗವಿಲ್ಲದೆ ಸುಮ್ನೆ ನಿಲ್ಲಬೇಕು. ಮಧ್ಯಾಹ್ನದ ಬಿಸಿಲು, ಎಂಜಿನ್ ಚಾಲೂ, ಮುಳ್ಳು ಕೆಂಪಿಗೆ ಹೋಯಿತು. ಬದಿಗೆ ತೆಗೆಯಲು ಆಗುವಷ್ಟರಲ್ಲಿ ಮುಚ್ಚಳದ ಸಂದಿಯಿಂದ ಆವಿ ಬಂತು. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಹಾಳೆ) ಸುಟ್ಟಿತು, ಹೆಡ್ ಸೊಟ್ಟಾಗಿ ಫೇಸಿಂಗ್ ಮಾಡಿಸಿ ಸಮ ಮಾಡಬೇಕಾಯಿತು. ರೇಡಿಯೇಟರಿಗೆ ಹಾಕಿದ್ದಕ್ಕಿಂತ ಜಾಸ್ತಿ ದುಡ್ಡು ಅದಕ್ಕೇ ಹೋಯಿತು.

ಲಾರಿ, ಟ್ರ್ಯಾಕ್ಟರ್ ರೇಡಿಯೇಟರ್ ಮಾಡುವ ಒಬ್ಬ ಹಿರಿಯರಿದ್ದಾರೆ, ಎಲ್ಲರೂ ಚಾಚಾ ಅನ್ನುತ್ತಾರೆ. ಅವರ ಹತ್ತಿರ ಮೊದಲೇ ಹೋಗಬೇಕಿತ್ತು. ಬಾನೆಟ್ ಎತ್ತಿ ನೋಡಿದವರೇ ಕೇಳಿದರು: "ತಮ್ಮಾ, ಹಳೇದು ಎಲ್ಲೈತಿ?" ಗುಜರಿಗೆ ಕೊಟ್ಟೆ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಟ್ಯಾಂಕಿ ಇದ್ದಿದ್ರೆ ಸಾಕಿತ್ತು. ಜಾಲ್ರಿ ನಾನು ಹೊಸಾದು ಕೂರಿಸ್ತಿದ್ದೆ."

ಕೌಲ್ ಯಾಕೆ ಬೇಕು ಅಂತ ನನಗೆ ತಿಳಿಸಿಕೊಟ್ಟವರೂ ಅವರೇ. ಗಾಡಿ ಎಂಬತ್ತರಲ್ಲಿ ಓಡುವಾಗ ಗಾಳಿ ತಾನಾಗಿ ಇಡೀ ಜಾಲರಿಗೆ ನುಗ್ಗುತ್ತದೆ, ಫ್ಯಾನಿನ ಕೆಲಸ ಅಷ್ಟಿಲ್ಲ. ನಿಂತಾಗ ಗಾಳಿ ಎಳೆಯುವುದು ಫ್ಯಾನ್ ಒಂದೇ. ಕೌಲ್ ಇಲ್ಲದಿದ್ದರೆ ಫ್ಯಾನ್ ತನ್ನ ಎದುರಿನ ದುಂಡಗಿನ ಭಾಗದಿಂದ ಮಾತ್ರ ಎಳೆಯುತ್ತದೆ. ಜೊತೆಗೆ ಅಂಚಿನಿಂದ ಎಂಜಿನ್ನಿನ ಬಿಸಿ ಗಾಳಿಯನ್ನೇ ಮತ್ತೆ ಸುತ್ತಿಸುತ್ತದೆ. ನಾಲ್ಕು ಮೂಲೆಗಳಲ್ಲಿ ಗಾಳಿಯೇ ಓಡುವುದಿಲ್ಲ. ಅದರ ಮೇಲೆ ದಪ್ಪ ಕೋರ್. ಮುಂದಿನ ಸಾಲು ದಾಟಿದ ಗಾಳಿ ಆಗಲೇ ಬಿಸಿಯಾಗಿರುತ್ತದೆ, ಹಿಂದಿನ ಸಾಲಿಗೆ ಅದರಿಂದ ಏನು ಪ್ರಯೋಜನ? ಕೋರ್ ದಪ್ಪವಾದಷ್ಟೂ ಗಾಳಿ ಎಳೆಯುವುದು ಕಷ್ಟ.

ಆದ್ದರಿಂದ ತಾಮ್ರವೋ ಅಲ್ಯೂಮಿನಿಯಮ್ಮೋ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲೋಹ ಮಾತ್ರ ನೋಡಿದರೆ ತಾಮ್ರ ಅಲ್ಯೂಮಿನಿಯಂಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ. ಆದರೆ ಅಲ್ಯೂಮಿನಿಯಂ ಕೊಳವೆಗಳನ್ನು ಅಗಲವಾಗಿ ಮಾಡಬಹುದು, ಜಾಲರಿಗೆ ಅವು ಚೆನ್ನಾಗಿ ಅಂಟಿರುತ್ತವೆ, ಹಾಗಾಗಿ ಕೊನೆಗೆ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ. ನಿಮ್ಮದು ರೇಸಿಗೆ ಹೋಗುವ ಗಾಡಿಯಲ್ಲ, ಸುಮಾರು 85 ಹಾರ್ಸ್‌ಪವರ್ ಎಂಜಿನ್. ಕಂಪನಿ ಕೊಟ್ಟ ಅಳತೆಯ ರೇಡಿಯೇಟರ್ ಸ್ವಚ್ಛವಾಗಿದ್ದರೆ ಅದಕ್ಕೆ ಸಾಕು. ನಾನು ತಾಮ್ರದ ಪರ ನಿಲ್ಲುವುದು ರಿಪೇರಿ ಕಾರಣಕ್ಕೆ. ತಾಮ್ರ, ಹಿತ್ತಾಳೆ ಆದರೆ ಹೈವೇ ಪಕ್ಕದ ಲಾರಿ ಶೆಡ್ಡಿನಲ್ಲೂ ಬೆಸುಗೆ ಹಾಕಿಕೊಡುತ್ತಾರೆ. ಅಲ್ಯೂಮಿನಿಯಂ ತೂತಾದರೆ ಟಿಗ್ ವೆಲ್ಡಿಂಗ್ ಬಲ್ಲವರನ್ನು ಹುಡುಕಬೇಕು. ತುದಿಗೆ ಪ್ಲಾಸ್ಟಿಕ್ ಟ್ಯಾಂಕ್ ಮಡಿಚಿ ಕೂರಿಸಿರುವಂಥದ್ದು ಬಿರುಕು ಬಿಟ್ಟರೆ ಬಿಸಾಡುವುದೇ.

ಕೊನೆಗೆ ನನಗೆ ಬೆಂಗಳೂರಿನಲ್ಲಿ ಒಡೆಯಲು ಬಂದಿದ್ದ ಒಂದು ಕಾಂಟೆಸ್ಸಾದಿಂದ ಹಳೆ ರೇಡಿಯೇಟರ್ ಸಿಕ್ಕಿತು. ಅದೂ ಸೋರುತ್ತಿತ್ತು. ಗುಜರಿಯವರು ನನಗೆ ಕೊಟ್ಟಿದ್ದರ ಹಲವು ಪಟ್ಟು ಕೊಟ್ಟು ತಂದೆ. ಚಾಚಾ ಟ್ಯಾಂಕ್ ಬಿಚ್ಚಿ, ಮೂರು ಸಾಲಿನ ಹೊಸ ಕೋರ್ ಕೂರಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟು ಗುಳ್ಳೆ ಬರುತ್ತಾ ಅಂತ ನೋಡಿ ಕೊಟ್ಟರು. ಕೌಲ್ ತನ್ನ ಜಾಗಕ್ಕೆ ಹೋಯಿತು. ಅಲ್ಲಿಂದೀಚೆಗೆ ಗೇಟಿನಲ್ಲಿ ನಿಂತರೂ ಮುಳ್ಳು ಅರ್ಧ ದಾಟಿಲ್ಲ.

ನೀವೂ ಅದನ್ನೇ ಮಾಡಿ. ಕೋರ್ ಹಾಕಿಸುವಾಗ ಜಾಲರಿ ಎಷ್ಟು ಒತ್ತಾಗಿದೆ ನೋಡಿ. ಟ್ರ್ಯಾಕ್ಟರಿಗೆ ಹಾಕುವ ಬಿಡಿಬಿಡಿ ಜಾಲರಿ ಕೊಟ್ಟರೆ ಬೇಡ ಅನ್ನಿ. ಕೋರಿನ ದಪ್ಪ ಹಳೆಯದರಷ್ಟೇ ಇರಲಿ. ಕೌಲ್ ಕಳೆದಿದ್ದರೆ ತಗಡಿನಲ್ಲಿ ಮಾಡಿಸಿ, ಫ್ಯಾನಿನ ರೆಕ್ಕೆ ಅರ್ಧ ಒಳಗೆ, ಅರ್ಧ ಹೊರಗೆ ಇರುವ ಹಾಗೆ. ಮುಚ್ಚಳ ಹೊಸದು ಹಾಕಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಕಿತ್ತು ಬಿಸಾಡಿ ಅಂತ ಯಾರಾದರೂ ಹೇಳಿದರೆ ಆ ಗ್ಯಾರೇಜ್ ಬಿಡಿ. ಅದು ಕೆಟ್ಟಿದ್ದರೆ ಹೊಸದು ಹಾಕಬೇಕು, ತೆಗೆಯುವುದಲ್ಲ.

ನೀರಿನ ವಿಷಯ ನಮ್ಮ ಜಿಲ್ಲೆಗಳಲ್ಲಿ ಎಲ್ಲಕ್ಕಿಂತ ಮುಖ್ಯ. ಬೋರ್ ನೀರು ಹಾಕಲೇಬೇಡಿ. ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪದರವೇ ಕೊಳವೆಯೊಳಗೂ ಕೂರುತ್ತದೆ. ನನ್ನ ಮೊದಲ ರೇಡಿಯೇಟರ್ ಹೈವೇಯಲ್ಲಿ ಬಿಸಿಯಾಗುತ್ತಿದ್ದದ್ದು ಇದರಿಂದಲೇ ಅಂತ ಈಗ ನನಗೆ ಖಾತ್ರಿ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಅರ್ಧರ್ಧ ಹಾಕಿ. ಈಗಾಗಲೇ ಅಲ್ಯೂಮಿನಿಯಂ ಕೊಂಡುಬಿಟ್ಟಿದ್ದರೆ ವೋಲ್ಟ್ ಅಳೆಯುವ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತಣ್ಣಗಿರುವ ಕೂಲಂಟ್ ಒಳಗೆ ಇಟ್ಟು ನೋಡಿ. ಅಲ್ಯೂಮಿನಿಯಂಗೆ ತಾಗಿಸಬೇಡಿ. 0.1 ವೋಲ್ಟ್ ಒಳಗಿದ್ದರೆ ಸರಿ. 0.3 ದಾಟಿದರೆ ಎಂಜಿನ್ನಿನ ಅರ್ತ್ ವೈರ್ ಸರಿ ಮಾಡಿಸಿ, ಇಲ್ಲದಿದ್ದರೆ ಹೊಸ ರೇಡಿಯೇಟರ್ ಒಳಗಿನಿಂದ ಬೇಗ ತಿಂದುಹೋಗುತ್ತದೆ.

ಒಂದು ವಿಷಯ ನೀವು ಬರೆದಿಲ್ಲ. ನಿಮ್ಮ ಗಾಡಿ ಬಿಸಿಯಾಗುವುದು ನಿಂತಾಗಲೋ, ಓಡುವಾಗಲೋ? ನಿಂತಾಗ ಆದರೆ ಫ್ಯಾನ್, ಕೌಲ್ ನೋಡಿ, ಸೋರಿಕೆಗೆ ಬೆಸುಗೆ ಹಾಕಿಸಿದರೆ ಬಹುಶಃ ಸಾಕು. ಓಡುವಾಗ ಆದರೆ ಕೋರ್ ಕಟ್ಟಿದೆ ಅಂತಲೇ ಇಟ್ಟುಕೊಳ್ಳಿ. ಕೆಳಗೆ ಬರೆಯಿರಿ, ಜೊತೆಗೆ ಟ್ಯಾಂಕ್ ಮತ್ತು ಪಕ್ಕದ ಪಟ್ಟಿಯ ಫೋಟೋ ಹಾಕಿ. ಚಾಚಾಗೆ ತೋರಿಸಿ ಕೇಳಿ ಹೇಳುತ್ತೇನೆ.