ಅಮೆರಿಕದಲ್ಲಿ 65 ದಾಟಿದ ಮೇಲೂ ಕೆಲಸದಲ್ಲಿದ್ದರೆ ಮೆಡಿಕೇರ್ ತಗೊಳ್ಳಲೇಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು: ನ್ಯೂಜೆರ್ಸಿಯಲ್ಲಿ ಕೆಲಸ, ಈ ನವೆಂಬರಿಗೆ 65 ತುಂಬುತ್ತದೆ, 67ರ ತನಕ ಕೆಲಸ ಬಿಡುವ ಯೋಚನೆಯಿಲ್ಲ. 62ರ ನಿಮ್ಮ ಹೆಂಡತಿಯೂ ನಿಮ್ಮ ಆಫೀಸಿನ ಇನ್ಶೂರೆನ್ಸಿನಲ್ಲೇ ಇದ್ದಾರೆ. ಎಚ್‌ಎಸ್‌ಎಗೂ (ಚಿಕಿತ್ಸೆಯ ಖರ್ಚಿಗೆ ತೆರಿಗೆಯಿಲ್ಲದೆ ಕೂಡಿಡುವ ಖಾತೆ) ದುಡ್ಡು ಹಾಕುತ್ತಿದ್ದೀರಿ. ರಿಟೈರ್ ಆದ ಮೇಲೆ ವರ್ಷಕ್ಕೆ ನಾಲ್ಕು ತಿಂಗಳು ಮೈಸೂರಿನಲ್ಲಿರಬೇಕು ಅಂತಿದೆ. ಈಗಲೇ ಮೆಡಿಕೇರ್ (65 ದಾಟಿದವರಿಗೆ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆ) ತಗೊಳ್ಳದಿದ್ದರೆ ಜೀವನಪೂರ್ತಿ ದಂಡ ಅಂತ ಗೆಳೆಯರು ಹೆದರಿಸಿದ್ದಾರೆ.

ದಂಡ ಇರುವುದು ನಿಜ, ಆದರೆ ನಿಮಗೆ ಬೀಳುವುದಿಲ್ಲ. ನಿಮ್ಮದೋ ಹೆಂಡತಿಯದೋ ಈಗ ನಡೆಯುತ್ತಿರುವ ಕೆಲಸದಿಂದ ಗ್ರೂಪ್ ಇನ್ಶೂರೆನ್ಸ್ ಬರುತ್ತಿರುವಷ್ಟು ದಿನ ಮೆಡಿಕೇರಿನಲ್ಲಿ ಡಾಕ್ಟರ ಖರ್ಚು ನೋಡಿಕೊಳ್ಳುವ ಪಾರ್ಟ್ ಬಿ ಮುಂದೂಡಬಹುದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಆಸ್ಪತ್ರೆ ಬಿಲ್ ಬಂದಾಗ ಮೊದಲು ಕಟ್ಟುವವರು ಯಾರು? ಅದಕ್ಕೆ ಕಂಪನಿಯಲ್ಲಿ ತಲೆ ಎಣಿಸಬೇಕು.

20 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಕಂಪನಿಯ ಪ್ಲಾನ್ ಮೊದಲು ಕಟ್ಟುತ್ತದೆ, ಮೆಡಿಕೇರ್ ಎರಡನೆಯದು. 65 ಆಯಿತು ಅಂತ ನಿಮ್ಮನ್ನು ಪ್ಲಾನಿನಿಂದ ತೆಗೆಯುವಂತಿಲ್ಲ. ‘ಮೆಡಿಕೇರ್‌ಗೆ ಹೋಗಿ, ಇಷ್ಟು ಡಾಲರ್ ಕೊಡುತ್ತೇವೆ’ ಅಂತ ಆಸೆ ತೋರಿಸುವುದಕ್ಕೂ ಕಾನೂನಿನಲ್ಲಿ ಅವಕಾಶವಿಲ್ಲ.

20ಕ್ಕಿಂತ ಕಡಿಮೆ ಇದ್ದರೆ ಮೆಡಿಕೇರ್ ಮೊದಲು, ಕಂಪನಿ ಪ್ಲಾನ್ ಆಮೇಲೆ. ಇಲ್ಲೇ ಬಹಳ ಜನ ಏಟು ತಿನ್ನುವುದು. ಡಾಕ್ಟರ ಬಿಲ್ 100 ಡಾಲರ್ ಅಂದುಕೊಳ್ಳಿ. ಪಾರ್ಟ್ ಬಿ ಇದ್ದಿದ್ದರೆ, ಡಿಡಕ್ಟಿಬಲ್ (ಮೊದಲು ನೀವೇ ಕಟ್ಟಬೇಕಾದ ಮೊತ್ತ) ಮುಗಿದ ಮೇಲೆ, ಮೆಡಿಕೇರ್ 80 ಕಟ್ಟುತ್ತಿತ್ತು. ಕಂಪನಿ ಪ್ಲಾನ್ ತನ್ನ ಪಾಲು ಉಳಿದ 20 ಮಾತ್ರ ಅನ್ನಬಹುದು. ನೀವು ಪಾರ್ಟ್ ಬಿ ತಗೊಂಡಿಲ್ಲದಿದ್ದರೆ ಆ 80 ನಿಮ್ಮ ತಲೆಗೆ. ದಂಡ ಬೀಳುವುದಿಲ್ಲ, ಬಿಲ್ ಬೀಳುತ್ತದೆ. ನಮ್ಮವರಲ್ಲಿ ಕನ್ಸಲ್ಟಿಂಗ್ ಮಾಡುವವರು ಇದನ್ನು ಎರಡು ಸಲ ಓದಿಕೊಳ್ಳಿ. ನೀವು ಕೂತಿರುವ ಕ್ಲೈಂಟ್ ಆಫೀಸಿನಲ್ಲಿ ಹತ್ತು ಸಾವಿರ ಜನ ಇರಬಹುದು, ಆದರೆ ಲೆಕ್ಕಕ್ಕೆ ಬರುವುದು ನಿಮಗೆ ಸಂಬಳ ಕೊಟ್ಟು ಇನ್ಶೂರೆನ್ಸ್ ಮಾಡಿಸಿರುವ ಕಂಪನಿ. ಅಲ್ಲಿ 14 ಜನ ಇದ್ದರೆ ನಿಮ್ಮದು ಸಣ್ಣ ಕಂಪನಿಯೇ. ಎಚ್‌ಆರ್‌ಗೆ ‘ಮೆಡಿಕೇರ್ ಪ್ರೈಮರಿಯೋ ಸೆಕೆಂಡರಿಯೋ’ ಅಂತ ಈಮೇಲಿನಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ.

ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಪಾರ್ಟ್ ಎ ವಿಷಯಕ್ಕೆ ಬಂದರೆ, 40 ಕ್ವಾರ್ಟರ್, ಅಂದರೆ ಸುಮಾರು 10 ವರ್ಷ ಇಲ್ಲಿ ದುಡಿದಿದ್ದರೆ ಪ್ರೀಮಿಯಂ ಇಲ್ಲ. ಭಾರತದಲ್ಲಿ ದುಡಿದ ವರ್ಷಗಳು ಇದಕ್ಕೆ ಸೇರುವುದಿಲ್ಲ. ಎರಡು ದೇಶಗಳ ನಡುವೆ ಆ ಒಪ್ಪಂದವೇ ಆಗಿಲ್ಲ. ನಿಮ್ಮ ಹೆಂಡತಿ ಇಲ್ಲಿ ಕೆಲಸ ಮಾಡಿಲ್ಲದಿದ್ದರೂ ಅವರಿಗೆ 65 ಆದಾಗ ನಿಮ್ಮ ಕ್ರೆಡಿಟ್ ಮೇಲೆ ಪುಕ್ಕಟೆ ಪಾರ್ಟ್ ಎ ಸಿಗುತ್ತದೆ.

ಪುಕ್ಕಟೆ ಅಂದ ಮೇಲೆ ತಗೊಂಡುಬಿಡೋಣ ಅನ್ನಿಸುತ್ತದೆ. ಎಚ್‌ಎಸ್‌ಎ ಇಲ್ಲದಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಮೆಡಿಕೇರಿನ ಯಾವ ಭಾಗ ಶುರುವಾದರೂ ಆ ತಿಂಗಳಿಂದ ಎಚ್‌ಎಸ್‌ಎಗೆ ಒಂದು ಡಾಲರೂ ಹಾಕುವಂತಿಲ್ಲ. ಹಳೆಯ ದುಡ್ಡನ್ನು ಖರ್ಚು ಮಾಡಲು ಅಡ್ಡಿಯಿಲ್ಲ. ಸೋಶಿಯಲ್ ಸೆಕ್ಯುರಿಟಿ ಪಿಂಚಣಿ ಶುರು ಮಾಡಿದರೂ ಪಾರ್ಟ್ ಎ ತಾನಾಗಿಯೇ ಅಂಟಿಕೊಳ್ಳುತ್ತದೆ, ಬೇಡ ಅನ್ನುವ ಹಾಗಿಲ್ಲ. ಹಾಗಾಗಿ ಕಂಪನಿಯಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ 67ರ ತನಕ ಪಾರ್ಟ್ ಎ, ಪಿಂಚಣಿ ಎರಡನ್ನೂ ಮುಟ್ಟಬೇಡಿ.

ಇನ್ನೊಂದು ಹಳ್ಳ ಇದೆ. 65 ದಾಟಿದ ಮೇಲೆ ಅರ್ಜಿ ಹಾಕಿದರೆ ಪಾರ್ಟ್ ಎ ಆರು ತಿಂಗಳ ತನಕ ಹಿಂದಕ್ಕೆ ಹೋಗಿ ಶುರುವಾಗುತ್ತದೆ. ನೀವು 67ರಲ್ಲಿ, ನವೆಂಬರಿನಲ್ಲಿ ಅರ್ಜಿ ಹಾಕಿದಿರಿ ಅಂದರೆ ಮೇ 1ರಿಂದಲೇ ಮೆಡಿಕೇರ್ ಇತ್ತು ಅಂತ ಲೆಕ್ಕ. ಆ ವರ್ಷ ಎಚ್‌ಎಸ್‌ಎಗೆ ನಿಮ್ಮ ಅರ್ಹತೆ ಜನವರಿಯಿಂದ ಏಪ್ರಿಲ್ ತನಕ ಮಾತ್ರ, ವರ್ಷದ ಮಿತಿಯ 12ರಲ್ಲಿ 4 ಪಾಲು. 2026ರ ಫ್ಯಾಮಿಲಿ ಮಿತಿ 8,750, 55 ದಾಟಿದವರಿಗೆ ಹೆಚ್ಚುವರಿ 1,000. ಒಟ್ಟು 9,750ರಲ್ಲಿ ನಾಲ್ಕು ತಿಂಗಳ ಪಾಲು 3,250 ಡಾಲರ್. ಹೆಚ್ಚು ಹಾಕಿದ ದುಡ್ಡನ್ನು ಸಮಯಕ್ಕೆ ಸರಿಯಾಗಿ ವಾಪಸ್ ತೆಗೆಯದಿದ್ದರೆ ವರ್ಷಾ ವರ್ಷಾ 6 ಪರ್ಸೆಂಟ್ ತೆರಿಗೆ. ಪೇರೋಲ್ ಇದನ್ನು ತಾನಾಗಿ ನಿಲ್ಲಿಸುವುದಿಲ್ಲ, ನೀವೇ ಹೇಳಬೇಕು. ನಿಮ್ಮ ಹೆಂಡತಿ ಆ ಪ್ಲಾನಿನಲ್ಲೇ ಇದ್ದು ಮೆಡಿಕೇರ್ ತಗೊಂಡಿರದಿದ್ದರೆ ಅವರ ಹೆಸರಲ್ಲಿ ಬೇರೆ ಎಚ್‌ಎಸ್‌ಎ ತೆರೆದು ಅಲ್ಲಿ ಮುಂದುವರಿಸಬಹುದು.

ಕೆಲಸ ಅಥವಾ ಇನ್ಶೂರೆನ್ಸ್, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಂದ ಪಾರ್ಟ್ ಬಿ ತಗೊಳ್ಳಲು 8 ತಿಂಗಳು ಗಡುವು. ಕೋಬ್ರಾದಲ್ಲಿ (ಕೆಲಸ ಬಿಟ್ಟ ಮೇಲೆ ದುಡ್ಡು ನೀವೇ ಕಟ್ಟಿ ಕಂಪನಿ ಪ್ಲಾನ್ ಮುಂದುವರಿಸುವ ವ್ಯವಸ್ಥೆ) ಕಳೆದ ದಿನಗಳು ಈ ಗಡುವನ್ನು ನಿಲ್ಲಿಸುವುದಿಲ್ಲ. ‘18 ತಿಂಗಳು ಕೋಬ್ರಾ ಇದೆಯಲ್ಲ’ ಅಂತ ಕೂತವರೇ ಹೆಚ್ಚಾಗಿ ದಂಡ ಕಟ್ಟುವವರು. ತಡವಾದ ಪ್ರತಿ ಪೂರ್ತಿ 12 ತಿಂಗಳಿಗೆ 10 ಪರ್ಸೆಂಟ್, ಅದೂ ಪಾರ್ಟ್ ಬಿ ಇರುವಷ್ಟು ಕಾಲ. 30 ತಿಂಗಳು ತಡ ಮಾಡಿದರೆ 20 ಪರ್ಸೆಂಟ್, 2026ರ 202.90 ಡಾಲರ್ ಪ್ರೀಮಿಯಂ ಮೇಲೆ ತಿಂಗಳಿಗೆ 40 ಡಾಲರಿಗೂ ಮೇಲೆ. ಔಷಧಿಯ ಪಾರ್ಟ್ ಡಿಗೆ 8 ತಿಂಗಳಿಲ್ಲ, ತಕ್ಕ ಕವರೇಜ್ ಇಲ್ಲದೆ 63 ದಿನ ಕಳೆದರೆ ಅದಕ್ಕೆ ಬೇರೆ ದಂಡ. ನಿಮ್ಮ ಆಫೀಸಿನ ಔಷಧಿ ಕವರೇಜ್ ‘ಕ್ರೆಡಿಟಬಲ್’ (ಪಾರ್ಟ್ ಡಿಯಷ್ಟಾದರೂ ಒಳ್ಳೆಯದು) ಹೌದೋ ಅಲ್ಲವೋ ಅಂತ ಪ್ರತಿ ವರ್ಷ ಅಕ್ಟೋಬರ್ 15ಕ್ಕೆ ಮುಂಚೆ ಒಂದು ಪತ್ರ ಬರುತ್ತದೆ. ಎಲ್ಲರೂ ಕಸಕ್ಕೆ ಹಾಕುವ ಪತ್ರ ಅದು. ಎತ್ತಿಡಿ.

ಅರ್ಜಿ ಹಾಕುವುದು ಸೋಶಿಯಲ್ ಸೆಕ್ಯುರಿಟಿ ಆಫೀಸಿಗೆ. ಎರಡು ಫಾರಂ: ನಿಮ್ಮದು ಸಿಎಂಎಸ್-18-ಎಫ್-5 (ಪಾರ್ಟ್ ಎ ಮೊದಲೇ ಇದ್ದವರಿಗೆ ಮಾತ್ರ ಸಿಎಂಎಸ್-40ಬಿ), ಕಂಪನಿಯದು ಸಿಎಂಎಸ್-ಎಲ್564. ಎಲ್564ರ ಮೇಲಿನ ಭಾಗ ನೀವು ತುಂಬಿ ಎಚ್‌ಆರ್‌ಗೆ ಕೊಡಬೇಕು. ಕೆಳಗೆ ಅವರು ಕೆಲಸದ ಮತ್ತು ಕವರೇಜಿನ ತಾರೀಖು ಬರೆದು ಸಹಿ ಹಾಕಬೇಕು. ಒಂದು ತಾರೀಖು ಖಾಲಿ ಬಿಟ್ಟರೂ ಅರ್ಜಿ ಅಲ್ಲೇ ನಿಲ್ಲಬಹುದು. 65ರಿಂದ ಈಚೆಗೆ ಕೆಲಸ ಬದಲಿಸಿದ್ದರೆ ಪ್ರತಿ ಕಂಪನಿಯಿಂದಲೂ ಒಂದೊಂದು ಬೇಕು. ಕಂಪನಿ ಮುಚ್ಚಿದ್ದರೆ ಪ್ರೀಮಿಯಂ ಕಡಿತ ಕಾಣುವ ಪೇ ಸ್ಟಬ್, ಡಬ್ಲ್ಯೂ-2, ತಾರೀಖಿರುವ ಇನ್ಶೂರೆನ್ಸ್ ಕಾರ್ಡ್ ಕೊಡಬಹುದು. ಕೆಲಸದ ಕೊನೆಯ ದಿನಕ್ಕೆ ಒಂದೆರಡು ತಿಂಗಳು ಮುಂಚೆಯೇ ಇದನ್ನೆಲ್ಲ ಮುಗಿಸಿ.

ಆಗ ನಿಮ್ಮ ಹೆಂಡತಿಗೆ 64. ಆ ಒಂದು ವರ್ಷಕ್ಕೆ ಕೋಬ್ರಾ, ಇಲ್ಲವೇ 60 ದಿನದೊಳಗೆ ರಾಜ್ಯದ ಮಾರ್ಕೆಟ್‌ಪ್ಲೇಸ್‌ನಲ್ಲಿ ಪ್ಲಾನ್. ಅವರಿಗೆ 65 ಆದಾಗ ಮಾತ್ರ ಕೋಬ್ರಾ ನೆಚ್ಚಿಕೊಂಡು ಪಾರ್ಟ್ ಬಿ ಮುಂದೂಡಬಾರದು.

ಪ್ರೀಮಿಯಂ ನಿರ್ಧಾರವಾಗುವುದು ಎರಡು ವರ್ಷ ಹಿಂದಿನ ಆದಾಯದ ಮೇಲೆ. 2026ರ ಪ್ರೀಮಿಯಂಗೆ, ಗಂಡ ಹೆಂಡತಿಯ 2024ರ ಆದಾಯ ಸೇರಿ 2,18,000 ಡಾಲರ್ ದಾಟಿದ್ದರೆ ಹೆಚ್ಚುವರಿ ಸೇರುತ್ತದೆ. ಕೆಲಸ ಬಿಟ್ಟು ಆದಾಯ ಇಳಿದಿದೆ ಅಂತ ಎಸ್‌ಎಸ್‌ಎ-44 ಫಾರಂ ಕೊಟ್ಟು ಅದನ್ನು ಇಳಿಸಿಕೊಳ್ಳಬಹುದು.

ಮೈಸೂರಿನ ವಿಚಾರ: ಅಲ್ಲಿನ ಆಸ್ಪತ್ರೆಗೆ ಮೆಡಿಕೇರ್ ಕಾಸು ಕೊಡುವುದಿಲ್ಲ. ಮೆಡಿಗ್ಯಾಪ್ (ಮೆಡಿಕೇರ್ ಕಟ್ಟದೆ ಬಿಟ್ಟ ಪಾಲಿಗೆ ಖಾಸಗಿ ಕಂಪನಿ ಕೊಡುವ ವಿಮೆ) ಪ್ಲಾನ್ ಜಿ ಅಥವಾ ಎನ್ ಇದ್ದರೆ ಪ್ರವಾಸದ ಮೊದಲ 60 ದಿನದ ತುರ್ತು ಚಿಕಿತ್ಸೆಗೆ 250 ಡಾಲರ್ ಡಿಡಕ್ಟಿಬಲ್ ಕಳೆದು 80 ಪರ್ಸೆಂಟ್ ಸಿಗುತ್ತದೆ, ಇಡೀ ಜೀವಮಾನಕ್ಕೆ 50,000 ಡಾಲರ್ ಮಿತಿ. ಕಾಯಿಲೆಯ ಪ್ರಶ್ನೆ ಕೇಳದೆ ಮೆಡಿಗ್ಯಾಪ್ ಕೊಡುವುದು ಸಾಮಾನ್ಯವಾಗಿ ಪಾರ್ಟ್ ಬಿ ಶುರುವಾದ ಮೊದಲ ಆರು ತಿಂಗಳು ಮಾತ್ರ, ಆ ಅವಧಿಯಲ್ಲೇ ತಗೊಳ್ಳಿ. ಮೂರನೆಯ ಮತ್ತು ನಾಲ್ಕನೆಯ ತಿಂಗಳಿಗೆ ಬೇರೆ ಪಾಲಿಸಿ ಬೇಕು.